ಯಿಶಿಂಗ್‌ಗೆ ಹೊರಟಿದ್ದೀರಾ? ಮಧ್ಯಾಹ್ನದವರೆಗೆ ಏನೂ ಕೊಳ್ಳಬೇಡಿ

ಶಾಂಘೈಗೆ ಬಂದು ಒಂದೆರಡು ತಿಂಗಳಾದ ಕನ್ನಡದವರು ಸಿಕ್ಕಾಗ ಮಾತು ಹೆಚ್ಚುಕಡಿಮೆ ಇಲ್ಲಿಗೇ ಬಂದು ನಿಲ್ಲುತ್ತದೆ: "ಮಾಲ್ ನೋಡಿ ನೋಡಿ ಸಾಕಾಯ್ತು. ಭಾನುವಾರ ಎಲ್ಲಿಗೆ ಹೋಗೋದು?" ನಾನು ಹೇಳುವ ಹೆಸರು ಒಂದೇ, ಯಿಶಿಂಗ್. ಅದರಲ್ಲೂ ಅದರ ದಕ್ಷಿಣಕ್ಕಿರುವ ಡಿಂಗ್‌ಶು. ಜ಼ಿಶಾ ಎಂಬ ಮಣ್ಣಿನಿಂದ ಟೀಪಾಟ್ ಮಾಡುವ ಊರು ಅದು. ಮಿಂಗ್ ರಾಜರ ಕಾಲದಿಂದಲೂ ಅಲ್ಲಿ ಈ ಕೆಲಸ ನಡೆದಿದೆ, ಇವತ್ತಿಗೂ ಮನೆಮನೆಯಲ್ಲಿ ನಡೆಯುತ್ತಿದೆ. ಬೆಳಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆ ಸೇರಬಹುದು.

ರೈಲಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೊಂಗ್‌ಚ್ಯಾವ್ ನಿಲ್ದಾಣದಿಂದ ಯಿಶಿಂಗ್‌ಗೆ ಹೈಸ್ಪೀಡ್ ರೈಲು ಇದೆ. ನೇರ ರೈಲು ಸಿಗದಿದ್ದರೆ ಹುಝೌ ಅಥವಾ ಹಾಂಗ್‌ಝೌನಲ್ಲಿ ಬದಲಾಯಿಸಿ. ಟಿಕೆಟ್ 12306 ಆ್ಯಪ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಕೊಟ್ಟು ಮಾಡಿಸಬೇಕು. ಪಾಸ್‌ಪೋರ್ಟೇ ನಿಮ್ಮ ಟಿಕೆಟ್, ಮನೆಯಲ್ಲಿ ಬಿಟ್ಟು ಹೋಗಬೇಡಿ. ಗೇಟಿನಲ್ಲಿ ಮಷಿನ್ ಓದದಿದ್ದರೆ ಗಾಬರಿ ಬೇಡ, ಪಕ್ಕದಲ್ಲಿ ಸಿಬ್ಬಂದಿ ನಿಂತಿರುವ ದಾರಿಗೆ ಹೋಗಿ. ಯಿಶಿಂಗ್ ನಿಲ್ದಾಣದಿಂದ ಡಿಂಗ್‌ಶುಗೆ ಕಾರಿನಲ್ಲಿ ಅರ್ಧ ಗಂಟೆ ಆಚೀಚೆ. ಹೋಗಬೇಕಾದ ಜಾಗದ ಹೆಸರನ್ನು ಚೀನೀ ಅಕ್ಷರದಲ್ಲೇ ಫೋನಿನಲ್ಲಿ ಇಟ್ಟುಕೊಂಡಿರಿ. ಸೋಮವಾರ ಹೋಗಬೇಡಿ. ಈ ದೇಶದ ಬಹಳಷ್ಟು ಮ್ಯೂಸಿಯಂಗಳಿಗೆ ಅವತ್ತು ಬೀಗ.

ಈಗ ಮುಖ್ಯ ಮಾತು. ಮಧ್ಯಾಹ್ನದವರೆಗೆ ಏನೂ ಕೊಳ್ಳಬೇಡಿ.

ನಾನು ಮೊದಲ ಸಲ ಹೋದಾಗ ಟ್ಯಾಕ್ಸಿಯವನು ಸೀದಾ ಒಂದು ದೊಡ್ಡ ಅಂಗಡಿಯ ಮುಂದೆ ಇಳಿಸಿದ. ಚೆಂದದ ಡಬ್ಬಿ, ಕೆಂಪು ಮುದ್ರೆಯ ಪ್ರಮಾಣಪತ್ರ. ಆರುನೂರು ಯುವಾನ್ ಕೊಟ್ಟು ತಂದೆ. ಮನೆಗೆ ಬಂದು ನೋಡಿದರೆ ಮುಚ್ಚಳ ಲೊಡಲೊಡ ಅನ್ನುತ್ತಿತ್ತು. ಬಗ್ಗಿಸಿದರೆ ನೀರು ಮೂತಿಯಿಂದ ಕೆಳಗೆ ಜಾರಿ ಟೇಬಲ್ ಮೇಲೆ. ಕೈಯಲ್ಲಿ ಮಾಡಿದ್ದು ಅಂತ ಹೇಳಿ ಕೊಟ್ಟಿದ್ದರು. ಅದು ಮಣ್ಣಿನ ಗಂಜಿಯನ್ನು ಅಚ್ಚಿಗೆ ಸುರಿದು ತೆಗೆದಿದ್ದು. ಕೈಕೆಲಸ ಹೇಗಿರುತ್ತದೆ ಅಂತ ನಾನು ಅವತ್ತು ಒಂದು ಗಂಟೆ ನೋಡಿದ್ದರೂ ಸಾಕಿತ್ತು, ಆ ಟೀಪಾಟ್ ಮುಟ್ಟುತ್ತಿರಲಿಲ್ಲ.

ಹಾಗಾಗಿ ಮೊದಲು ಗು ನಾನ್ ಜಿಯೆ ಬೀದಿಗೆ ಹೋಗಿ. ಹಳೆಯ ದಕ್ಷಿಣದ ಬೀದಿ ಅಂತ ಅರ್ಥ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಶುಶಾನ್ ಗುಡ್ಡ, ನಡುವೆ ಕಲ್ಲು ಹಾಸಿದ ಇಕ್ಕಟ್ಟಾದ ದಾರಿ. ಸಿಚುವಾನ್ ಕಡೆಯ ಕವಿ ಸು ಡೊಂಗ್‌ಪೊ ಈ ಗುಡ್ಡವನ್ನು ನೋಡಿ "ನಮ್ಮ ಶು ಸೀಮೆಯ ಹಾಗೇ ಇದೆ" ಅಂದನಂತೆ, ಅದಕ್ಕೇ ಈ ಹೆಸರು ಬಂತು ಅಂತ ಇಲ್ಲಿನವರು ಹೇಳುತ್ತಾರೆ. ಪರಊರಿನಲ್ಲಿ ತನ್ನೂರಿನ ಗುಡ್ಡ ಕಂಡವನ ಮಾತು. ಮಲೆನಾಡಿನ ಗೆಳೆಯರೊಬ್ಬರಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತುಬಿಟ್ಟರು. ಟೀಪಾಟ್ ಕೆಲಸದಲ್ಲಿ 20ನೇ ಶತಮಾನದ ಅತಿ ದೊಡ್ಡ ಹೆಸರು ಗು ಜಿಂಗ್‌ಝೌ (1915–1996). ಅವರು ಬಾಳಿದ್ದೂ ಇದೇ ಬೀದಿಯಲ್ಲಿ. ಅವರ ಒಂದು ಟೀ ಸೆಟ್ 2015ರ ಹರಾಜಿನಲ್ಲಿ 9 ಕೋಟಿ ಯುವಾನ್‌ಗೂ ಜಾಸ್ತಿಗೆ ಹೋಯಿತು.

ಬೀದಿಯ ಮನೆಗಳ ಬಾಗಿಲು ತೆಗೆದೇ ಇರುತ್ತದೆ. ಒಳಗೆ ಕಿಟಕಿ ಪಕ್ಕ ಯಾರಾದರೂ ಕೆಲಸಕ್ಕೆ ಕೂತಿರುತ್ತಾರೆ. "ಶಿಫು" ಅಂತ ಕರೆಯಿರಿ. ನಮ್ಮಲ್ಲಿ ಮೇಸ್ತ್ರಿ ಅಂತೀವಲ್ಲ, ಹಾಗೆ. ಫೋಟೋ ತೆಗೆಯುವ ಮೊದಲು "ಕ ಯಿ ಪಾಯ್ ಜಾವ್ ಮಾ?" ಅಂತ ಕೇಳಿ. ಹಸಿ ಮಾಲನ್ನು ಮುಟ್ಟಬೇಡಿ. ಚಹಾ ಕೊಟ್ಟರೆ ಕುಡಿಯಿರಿ, ಕುಡಿದ ಮಾತ್ರಕ್ಕೆ ಏನಾದರೂ ಕೊಳ್ಳಲೇಬೇಕು ಅಂತಿಲ್ಲ.

ಅಲ್ಲಿ ನಮ್ಮ ಕುಂಬಾರರ ತಿಗರಿ ಹುಡುಕಬೇಡಿ, ಇರುವುದಿಲ್ಲ. ಈ ಮಣ್ಣು ಗಣಿಯಿಂದ ಬರುವಾಗ ಕಲ್ಲು. ಅದನ್ನು ಬಿಸಿಲು ಮಳೆಗೆ ಬಿಟ್ಟು, ಪುಡಿ ಮಾಡಿ, ಜರಡಿ ಹಿಡಿದು, ನೀರು ಸೇರಿಸಿ ಹದ ಮಾಡುತ್ತಾರೆ. ಕಳೆದ ಸಲ ನಾನು ನೋಡಿದ ಹೆಂಗಸು ಮರದ ಕೊಡತಿಯಿಂದ ಮಣ್ಣನ್ನು ಬಡಿದು ಉದ್ದ ಪಟ್ಟಿ ಮಾಡಿದರು. ಅದನ್ನು ಬಳೆಯ ಹಾಗೆ ಸುತ್ತಿ ಎರಡು ತುದಿ ಸೇರಿಸಿದರು. ಆಮೇಲೆ ಎಡಗೈ ಬೆರಳು ಒಳಗೆ, ಬಲಗೈಯಲ್ಲಿ ತೆಳ್ಳನೆ ಹಲಗೆ. ಪಟ್ ಪಟ್ ಪಟ್. ಜೋಳದ ರೊಟ್ಟಿ ತಟ್ಟುವ ಸದ್ದೇ. ಪ್ರತಿ ಪೆಟ್ಟಿಗೂ ಚೂರು ತಿರುಗಿಸುತ್ತಾ ಹೋದ ಹಾಗೆ ನೆಟ್ಟಗಿದ್ದ ಗೋಡೆ ನಿಧಾನವಾಗಿ ಒಳಗೆ ಬಾಗಿ ಹೊಟ್ಟೆ ಮೂಡಿತು. ಕೊನೆಗೆ ಕೊಂಬಿನ ತೆಳು ಪಟ್ಟಿಯಿಂದ ಸವರಿ ನುಣುಪು ಮಾಡಿದರು. ನನ್ನ ಜೊತೆ ಬಂದಿದ್ದ ಐದು ವರ್ಷದ ಮಗು ಕೂಡ ಆ ಹೊತ್ತು ಪೂರ್ತಿ ಕದಲಲಿಲ್ಲ.

ಆಮೇಲೆ ಚಿಯೆನ್‌ಶು ಆವಿಗೆಗೆ ಹೋಗಿ. ಇದನ್ನು ಡ್ರ್ಯಾಗನ್ ಆವಿಗೆ ಅನ್ನುತ್ತಾರೆ, ಇಳಿಜಾರಿನಲ್ಲಿ ಮಲಗಿದ ಉದ್ದನೆಯ ಇಟ್ಟಿಗೆ ಸುರಂಗ. 40 ಮೀಟರ್‌ಗೂ ಉದ್ದ. ಮಿಂಗ್ ಕಾಲದ್ದು, ಈಗಲೂ ಬೆಂಕಿ ಕಾಣುತ್ತದೆ. ಕೆಳಗಿನ ತುದಿಯಲ್ಲಿ ಹೊತ್ತಿಸಿದರೆ ಬಿಸಿ ತಾನಾಗಿ ಮೇಲೇರುತ್ತದೆ. ಕೆಳಗಿನ ಪಾತ್ರೆ ಬೇಯುವಾಗಲೇ ಮೇಲಿನವು ಕಾದಿರುತ್ತವೆ. ಬೆನ್ನಿನ ಎರಡೂ ಕಡೆ ಸಾಲಾಗಿ ಸಣ್ಣ ಕಿಂಡಿಗಳಿವೆ, ಅವುಗಳ ಮೂಲಕ ಒಂದೊಂದೇ ಜಾಗಕ್ಕೆ ಸೌದೆ ಹಾಕುತ್ತಾ ಮೇಲೆ ಹೋಗುತ್ತಾರೆ. ಬೆಂಕಿ ಇಲ್ಲದ ದಿನ ಹೋದರೂ ಬಗ್ಗಿ ಒಳಗೆ ನೋಡಿ. ಶತಮಾನಗಳ ಉರಿಗೆ ಒಳಗೋಡೆ ಗಾಜಿನ ಹಾಗೆ ಹೊಳೆಯುತ್ತದೆ.

ಸಸ್ಯಾಹಾರಿಗಳಿಗೆ ಊಟದ ಚಿಂತೆ ಇದ್ದೇ ಇದೆ, ಅಲ್ವಾ? "ವೊ ಚಿ ಸು" ಅಂದರೆ ನಾನು ಸಸ್ಯಾಹಾರಿ. ಅಷ್ಟು ಸಾಲದು, ಕೋಳಿ ಸಾರು ಮತ್ತು ಹಂದಿ ಕೊಬ್ಬು ಬೇಡ ಅಂತ ಫೋನಿನಲ್ಲಿ ಬರೆದು ತೋರಿಸಿ. ಈ ಕಡೆ ಬಿದಿರು ಕಳಲೆ ಚೆನ್ನಾಗಿ ಸಿಗುತ್ತದೆ. ಕೊಡಗಿನವರಿಗೂ ಮಲೆನಾಡಿನವರಿಗೂ ಹಬ್ಬ. ಬೇಸಿಗೆಯ ಶುರುವಿನಲ್ಲಿ ಹೋದರೆ ಸೊಪ್ಪಿನ ರಸದಲ್ಲಿ ನೆನೆಸಿ ಬೇಯಿಸಿದ ಕಪ್ಪು ಅಂಟಕ್ಕಿ ಅನ್ನ ಕೇಳಿ, ಸಕ್ಕರೆ ಉದುರಿಸಿ ಕೊಡುತ್ತಾರೆ.

ಈಗ ಕೊಳ್ಳಬಹುದು. ಪ್ರಮಾಣಪತ್ರ ಪಕ್ಕಕ್ಕಿಡಿ. ಪೂರ್ತಿ ಕೈಕೆಲಸವೇ, ಅಚ್ಚು ಬಳಸಿ ಅರ್ಧ ಕೈಯಲ್ಲಿ ಮಾಡಿದ್ದೇ ಅಂತ ನೇರವಾಗಿ ಕೇಳಿ. ಅರ್ಧ ಕೈಕೆಲಸದಲ್ಲಿ ತಪ್ಪೇನಿಲ್ಲ, ಬೆಲೆ ಅದಕ್ಕೆ ತಕ್ಕಂತಿದ್ದರೆ ಸರಿ. ನೀರು ತುಂಬಿ ಬಗ್ಗಿಸಿ ನೋಡಲು ಕೇಳಿ, ಒಳ್ಳೆಯ ಶಿಫು ಬೇಡ ಅನ್ನುವುದಿಲ್ಲ. ಧಾರೆ ಒಂದೇ ಸಮ ಬರಬೇಕು. ಮುಚ್ಚಳದ ತೂತಿಗೆ ಬೆರಳಿಟ್ಟರೆ ನೀರು ನಿಲ್ಲಬೇಕು. ನಿಂತರೆ ಮುಚ್ಚಳ ಸರಿಯಾಗಿ ಕೂತಿದೆ ಅಂತ ಅರ್ಥ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮುಚ್ಚಳ ಬೇರೆ, ಪಾಟ್ ಬೇರೆ ಸುತ್ತಿಸಿಕೊಳ್ಳಿ. ಊರಿಗೆ ಒಯ್ಯುವಾಗ ವಿಮಾನದಲ್ಲಿ ಕೈಚೀಲದಲ್ಲೇ ಇರಲಿ. ಮನೆಯಲ್ಲಿ ಸೋಪು ಹಾಕಿ ತೊಳೆಯಬೇಡಿ. ಒಳಗೆ ಮೆರುಗು ಇಲ್ಲದ ಮಣ್ಣು, ವಾಸನೆ ಹೀರಿಕೊಳ್ಳುತ್ತದೆ. ಅದಕ್ಕೇ ಇಲ್ಲಿನವರು ಒಂದು ಪಾಟ್‌ಗೆ ಒಂದೇ ಬಗೆಯ ಎಲೆ ಹಾಕುತ್ತಾರೆ. ಹಾಲು, ಶುಂಠಿ, ಏಲಕ್ಕಿಯ ನಮ್ಮ ಚಹಾ ಸ್ಟೀಲ್ ಪಾತ್ರೆಯಲ್ಲೇ ಕುದಿಯಲಿ.