ಕ್ಯಾನ್ಸರ್ ರೋಗಿಯನ್ನು ಮನೆಯಲ್ಲಿ ನೋಡಿಕೊಳ್ಳೋದು ಹೇಗೆ? ಒಂದು ನೋಟ್‌ಬುಕ್‌ನಿಂದ ಶುರು ಮಾಡಿ

"ಹೇಗಿದ್ದೀರಮ್ಮಾ?" ಅಂತ ಡಾಕ್ಟರು ಕೇಳಿದಾಗಲೆಲ್ಲ ನಮ್ಮಮ್ಮನದು ಒಂದೇ ಉತ್ತರ. "ಪರವಾಗಿಲ್ಲ ಡಾಕ್ಟ್ರೇ." ಹಿಂದಿನ ಮೂರು ರಾತ್ರಿ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಕೂತಿದ್ದವರು ಇವರೇ. ಬಾಯಿಹುಣ್ಣಾಗಿ ಒಂದು ಗುಟುಕು ನೀರು ನುಂಗುವಾಗಲೂ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದವರೂ ಇವರೇ. ಪಕ್ಕದಲ್ಲಿ ಕೂತಿದ್ದ ನಾನೂ ಬಾಯಿ ಬಿಡಲಿಲ್ಲ. ಹೊರಗೆ ಅಷ್ಟೊಂದು ಜನ ಕಾಯುತ್ತಿದ್ದಾರೆ, ಕೀಮೋ ಅಂದಮೇಲೆ ವಾಂತಿ ಇದ್ದದ್ದೇ, ಅದನ್ನೇನು ಹೇಳೋದು ಅಂದುಕೊಂಡೆ. ಮುಂದಿನ ಸೈಕಲ್‌ಗೆ, ಅಂದ್ರೆ ಮುಂದಿನ ಸುತ್ತಿನ ಕೀಮೋಗೆ, ತಾರೀಖು ಬರೆಸಿಕೊಂಡು ಎದ್ದು ಬಂದೆವು. ಅದೇ ವಾಂತಿ ಮತ್ತೆ ಬಂತು.

ಎರಡನೇ ಸಲ ಕೀಮೋ ಹಾಕಿಸುವಾಗ ಒಬ್ಬ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು, "ನೀವು ಹೇಳದಿದ್ರೆ ನಮಗೆ ಗೊತ್ತಾಗೋದು ಹೇಗೆ? ಬರ್ಕೊಂಡು ಬನ್ನಿ" ಅಂದರು. ಬರೆದುಕೊಂಡು ಹೋದೆ. ವಾಂತಿಯ ಮಾತ್ರೆ ಬದಲಾಯಿತು, ಬಾಯಿ ಮುಕ್ಕಳಿಸೋಕೆ ಔಷಧಿ ಸಿಕ್ಕಿತು. ಮೂರನೇ ಸೈಕಲ್‌ನಲ್ಲಿ ಅಮ್ಮ ರಾತ್ರಿ ನಿದ್ದೆ ಮಾಡಿದರು. ಎರಡು ಸೈಕಲ್ ಸುಮ್ನೆ ನರಳಿಬಿಟ್ಟರಲ್ಲ ಅನ್ನೋ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ. ನಿಮ್ಮ ಮನೆಯಲ್ಲಿ ಹಾಗಾಗದಿರಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ: ದಿನಾ ಬರೆದಿಡಿ

ಬರೆದು ಹೇಳೋದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಅಳೆದು ನೋಡಿದವರಿದ್ದಾರೆ. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಸೆಂಟರ್‌ನಲ್ಲಿ ಡಾ. ಈಥನ್ ಬಾಷ್ ಮತ್ತು ಅವರ ತಂಡ 766 ರೋಗಿಗಳನ್ನು ಎರಡು ಗುಂಪು ಮಾಡಿತು. ಎಲ್ಲರಿಗೂ ಕ್ಯಾನ್ಸರ್ ಹರಡಿತ್ತು, ಕೀಮೋ ನಡೆಯುತ್ತಿತ್ತು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದು ಗುಂಪಿನವರು ಅದೇ ಚಿಕಿತ್ಸೆಯ ಜೊತೆಗೆ ನೋವು, ವಾಕರಿಕೆ, ಸುಸ್ತು ಹೀಗೆ 12 ತೊಂದರೆಗಳು ಎಷ್ಟೆಷ್ಟಿವೆ ಅಂತ ಕಂಪ್ಯೂಟರಿನಲ್ಲಿ ತಾವೇ ತುಂಬುತ್ತಿದ್ದರು. ಮನೆಯಿಂದ ತುಂಬಿದಾಗ ಯಾವುದಾದರೂ ತೀರಾ ಜಾಸ್ತಿಯಾಗಿದ್ದರೆ ನರ್ಸ್‌ಗೆ ಇಮೇಲ್ ಹೋಗುತ್ತಿತ್ತು. ಅಷ್ಟೇ, ಹೊಸ ಔಷಧಿ ಯಾವುದೂ ಇರಲಿಲ್ಲ. 2017ರಲ್ಲಿ ಲೆಕ್ಕ ಹೊರಬಂತು. ಮಾಮೂಲಿ ಗುಂಪಿನಲ್ಲಿ ಅರ್ಧ ಜನ 26 ತಿಂಗಳಿಗಿಂತ ಹೆಚ್ಚು ಬದುಕಿದ್ದರೆ, ತೊಂದರೆ ಹೇಳಿಕೊಂಡ ಗುಂಪಿನಲ್ಲಿ ಆ ಅವಧಿ 31.2 ತಿಂಗಳು.

ಆಯಸ್ಸಿನ ಲೆಕ್ಕ ಎಲ್ಲ ಅಧ್ಯಯನಗಳಲ್ಲೂ ಒಂದೇ ಥರ ಬರುವುದಿಲ್ಲ, ಅದನ್ನು ಯಾರಿಗೂ ಭರವಸೆಯಾಗಿ ಕೊಡೋಕಾಗದು. ಆದರೆ 2022ರಲ್ಲಿ ಪ್ರಕಟವಾದ, ಅಮೆರಿಕದ 52 ಕೇಂದ್ರಗಳ 1,191 ರೋಗಿಗಳ ಅಧ್ಯಯನದಲ್ಲೂ ಹೀಗೆ ಹೇಳಿಕೊಂಡವರ ಓಡಾಟ, ತೊಂದರೆಗಳ ಹತೋಟಿ, ದಿನನಿತ್ಯದ ಬದುಕು ಸುಧಾರಿಸಿದ್ದು ಕಂಡಿತು. ನೋಟ್‌ಬುಕ್ ಹಿಡಿಯೋಕೆ ನನಗಂತೂ ಇಷ್ಟು ಕಾರಣ ಸಾಕು.

ದಿನಾ ಒಂದೇ ಹೊತ್ತಿಗೆ ಕೇಳಿ. ನಾನು ರಾತ್ರಿ ಮಾತ್ರೆ ಕೊಟ್ಟಮೇಲೆ ಕೇಳುತ್ತಿದ್ದೆ. ನೋವು, ವಾಕರಿಕೆ, ಸುಸ್ತು, ಉಸಿರಾಟ, ನಿದ್ದೆ, ಹಸಿವು, ಮಲಬದ್ಧತೆ ಅಥವಾ ಭೇದಿ, ಮನಸ್ಸಿನ ಬೇಸರ. ಒಂದೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಸೊನ್ನೆ ಅಂದ್ರೆ ತೊಂದರೆಯೇ ಇಲ್ಲ, ಹತ್ತು ಅಂದ್ರೆ ತಡೆಯೋಕಾಗದಷ್ಟು. ಅಂಕ ಹಾಕೋದು ರೋಗಿಯೇ, ನೀವಲ್ಲ. ಅಮ್ಮ ನೋವಿಗೆ 4 ಅನ್ನೋರು, ನನ್ನ ಕಣ್ಣಿಗೆ ಅದು 8ರ ಥರ ಕಾಣೋದು. ಆಗ ಅವರ 4ನ್ನೇ ಬರೆದು, ಪಕ್ಕದಲ್ಲಿ ನಾನು ಕಂಡದ್ದನ್ನು ಬೇರೆಯಾಗಿ ಬರೆಯುತ್ತಿದ್ದೆ.

ಅಂಕದ ಜೊತೆ ಎರಡು ಸಾಲು ಇದ್ದರೆ ಇನ್ನೂ ಒಳ್ಳೆಯದು. ನನ್ನ ನೋಟ್‌ಬುಕ್‌ನ ಒಂದು ಪುಟ ಹೀಗಿದೆ: "ಕೀಮೋ ಆಗಿ 5ನೇ ದಿನ. ವಾಂತಿ 4 ಸಲ, ರಾತ್ರಿ 2 ಗಂಟೆ ಮೇಲೆ ಜಾಸ್ತಿ. ಮಾತ್ರೆ 9ಕ್ಕೆ ಕೊಟ್ಟೆ, 20 ನಿಮಿಷಕ್ಕೆ ವಾಂತಿಯಲ್ಲಿ ಹೋಯ್ತು. ನೀರು 3 ಲೋಟ." ಡಾಕ್ಟರು ಬೆರಳಿಟ್ಟು ತೋರಿಸಿದ್ದು ಆ ಮಾತ್ರೆಯ ಸಾಲನ್ನೇ. ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ, ಮತ್ತೆ ವಾಂತಿ ನಿಲ್ಲೋದು ಹೇಗೆ?

ಮೊದಲ ಪುಟದಲ್ಲಿ ದೊಡ್ಡದಾಗಿ: ಯಾವುದಕ್ಕೆ ಕಾಯಬಾರದು

ಬೇರೆಲ್ಲವನ್ನೂ ಫಾಲೋಅಪ್ ದಿನದವರೆಗೆ ಬರೆದಿಡಬಹುದು, ಇವನ್ನು ಇಡಬಾರದು. ಎಲ್ಲಕ್ಕಿಂತ ಮೊದಲು ಜ್ವರ. ಕೀಮೋ ಆದಮೇಲೆ, ಹೆಚ್ಚಾಗಿ ಒಂದರಿಂದ ಎರಡು ವಾರದ ನಡುವೆ, ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ. ಆಗ ಸೋಂಕು ತಗುಲಿದರೆ ದೇಹಕ್ಕೆ ಎದುರಿಸೋ ಶಕ್ತಿ ಇರೋದಿಲ್ಲ, ಕೆಲವೇ ಗಂಟೆಗಳಲ್ಲಿ ಪರಿಸ್ಥಿತಿ ಕೈಮೀರಬಹುದು. ಥರ್ಮಾಮೀಟರ್ 38 ಡಿಗ್ರಿ ಸೆಲ್ಸಿಯಸ್, ಅಂದ್ರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ರಾತ್ರಿ ಎಷ್ಟೇ ಹೊತ್ತಾಗಿರಲಿ, ಆಸ್ಪತ್ರೆಗೆ ಫೋನ್ ಮಾಡಿ. ಬೆಳಗ್ಗೆ ನೋಡೋಣ ಅನ್ನಬೇಡಿ. ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಡಲೂಬೇಡಿ, ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೇ ಬೆಳೆಯುತ್ತಿರುತ್ತದೆ.

ನಿಲ್ಲದ ರಕ್ತಸ್ರಾವ, ಏದುಸಿರು, ಇದ್ದಕ್ಕಿದ್ದಂತೆ ಗಲಿಬಿಲಿಯಾಗಿ ಏನೇನೋ ಮಾತಾಡುವುದು, ಒಂದು ದಿನ ಪೂರ್ತಿ ನೀರೂ ಹೊಟ್ಟೆಯಲ್ಲಿ ನಿಲ್ಲದಿರುವುದು, ಇವಕ್ಕೂ ಕಾಯಬಾರದು. ಹೊಸದಾಗಿ ಬೆನ್ನುನೋವು ಬಂದು ಕಾಲಿನ ಬಲ ಕಡಿಮೆಯಾದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಾಗದೆ ಹೋದರೆ ಅದೂ ಅವತ್ತೇ ತೋರಿಸಬೇಕಾದದ್ದು. ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಹಗಲಿಗೊಂದು, ರಾತ್ರಿಗೊಂದು ಫೋನ್ ನಂಬರನ್ನು ಆಸ್ಪತ್ರೆಯಲ್ಲೇ ಕೇಳಿ ಅದೇ ಪುಟದಲ್ಲಿ ಬರೆದಿಡಿ.

ಡಾಕ್ಟರ ಕೋಣೆಯಲ್ಲಿ

ಡಾಕ್ಟರು ಹೇಳಿದ್ದರಲ್ಲಿ 40ರಿಂದ 80 ಶೇಕಡಾ ಮಾತು ರೋಗಿಗಳಿಗೆ ಆಗಿಂದಾಗಲೇ ಮರೆತುಹೋಗುತ್ತದೆ ಅಂತ 2003ರ ಒಂದು ಸಂಶೋಧನಾ ವಿಮರ್ಶೆ ಹೇಳುತ್ತದೆ. ಹೆದರಿದ ಮನಸ್ಸಿಗಂತೂ 'ಗಡ್ಡೆ ಬೆಳೆದಿದೆ' ಅಂದ ಮೇಲೆ ಮುಂದಿನದೇನೂ ಕೇಳಿಸೋದೇ ಇಲ್ಲ. ಹಾಗಾಗಿ ಹಿಂದಿನ ರಾತ್ರಿಯೇ ಮೂರು ಪ್ರಶ್ನೆ ಬರೆದಿಡಿ, ಹೋದ ತಕ್ಷಣ ಕೇಳಿ, ಏಳುವ ಹೊತ್ತಿಗೆ ಬೇಡ. ರೆಕಾರ್ಡ್ ಮಾಡಿಕೊಳ್ಳಲಾ ಅಂತ ಕೇಳಿ, ಒಪ್ಪಿದರೆ ಮಾಡಿಕೊಳ್ಳಿ. ಕೊನೆಯಲ್ಲಿ "ನನಗೆ ಅರ್ಥ ಆಗಿದ್ದು ಇಷ್ಟು, ಸರಿನಾ?" ಅಂತ ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.

ಪ್ಯಾಲಿಯೇಟಿವ್ ಕೇರ್ ಅಂದ್ರೆ ಬೆಚ್ಚಿಬೀಳಬೇಡಿ

ಆ ಹೆಸರು ಕೇಳಿದರೇ ಎಲ್ಲ ಮುಗೀತು ಅಂದುಕೊಳ್ಳುವವರು ಜಾಸ್ತಿ. ನಾವೂ ಹಾಗೇ ಅಂದುಕೊಂಡು ತಡ ಮಾಡಿದೆವು. ನೋವು, ಉಸಿರು, ನಿದ್ದೆ, ಭಯ, ಮನೆಯವರ ಕಷ್ಟ, ಇವನ್ನೆಲ್ಲ ನೋಡೋಕೆ ತರಬೇತಿ ಪಡೆದ ತಂಡ ಅದು, ಕೀಮೋ ನಡೆಯುವಾಗಲೇ ಜೊತೆಗೆ ಬರಬಹುದು. ಬಾಸ್ಟನ್‌ನಲ್ಲಿ ಡಾ. ಜೆನಿಫರ್ ಟೆಮೆಲ್ ತಂಡ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರ ಮೇಲೆ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಶುರುವಿನಿಂದಲೇ ಪ್ಯಾಲಿಯೇಟಿವ್ ತಂಡವನ್ನು ಕಂಡವರಲ್ಲಿ ಖಿನ್ನತೆ ಕಡಿಮೆ ಇತ್ತು. ಕೊನೆಗಾಲದಲ್ಲಿ ದೇಹ ಹಣ್ಣಾಗಿಸುವ ಚಿಕಿತ್ಸೆಗಳನ್ನು ಅವರು ಕಡಿಮೆ ಪಡೆದರು, ಆದರೂ ಅವರಲ್ಲಿ ಅರ್ಧ ಜನ ಬದುಕಿ ದಾಟಿದ ಅವಧಿ 11.6 ತಿಂಗಳು. ಉಳಿದವರದು 8.9.

ತೀವ್ರ ನೋವಿಗೆ ಕೊಡುವ ಮಾರ್ಫಿನ್ ಬಗ್ಗೆಯೂ ಒಂದು ಮಾತು. ಚಟ ಹಿಡಿಯುತ್ತದೆ ಅಂತ ಹೆದರಿ ಡೋಸ್ ತಪ್ಪಿಸಬೇಡಿ, ನಿಮ್ಮಷ್ಟಕ್ಕೆ ನೀವೇ ಇದ್ದಕ್ಕಿದ್ದಂತೆ ನಿಲ್ಲಿಸಲೂಬೇಡಿ. ಹೇಳಿದ ಗಂಟೆಗೆ ಸರಿಯಾಗಿ ಕೊಡಿ, ನೋವು ಏರಿದಮೇಲೆ ಇಳಿಸೋದು ಕಷ್ಟ. ಅದರಿಂದ ಮಲಬದ್ಧತೆ ಬಹುತೇಕ ಎಲ್ಲರಿಗೂ ಆಗುತ್ತದೆ, ಮೊದಲ ದಿನದಿಂದಲೇ ಅದಕ್ಕೂ ಔಷಧಿ ಕೇಳಿ ಪಡೆಯಿರಿ.

ಸುಸ್ತಿಗೆ ಮಲಗೋದೊಂದೇ ಮದ್ದು ಅಂತ ನಾವೆಲ್ಲ ನಂಬಿದ್ದೇವೆ, ಅಲ್ವಾ? 113 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2017ರ ವಿಶ್ಲೇಷಣೆಯಲ್ಲಿ ಮಾತ್ರೆಗಳಿಗಿಂತ ವ್ಯಾಯಾಮ ಮತ್ತು ಆಪ್ತಸಮಾಲೋಚನೆಯಂಥ ನೆರವೇ ಹೆಚ್ಚು ಉಪಯೋಗಕ್ಕೆ ಬಂದದ್ದು. ಡಾಕ್ಟರನ್ನು ಕೇಳಿಕೊಂಡು, ಮನೆಯೊಳಗೇ ಹತ್ತು ನಿಮಿಷ ನಡೆಸಿ.

ಈಗ ನೋಟ್‌ಬುಕ್ ತಿರುಗಿಸಿ, ಹಿಂದಿನ ಪುಟದಿಂದ ನಿಮ್ಮದು ಬರೆಯಿರಿ

ಈ ಭಾಗ ಓದದೆ ಬಿಡಬೇಡಿ. ನೋಡಿಕೊಳ್ಳುವವರು ಬಿಡೋದೇ ಇದನ್ನ.

ದಿನನಿತ್ಯದ ಕೆಲಸಗಳಿಗೆ ಕಷ್ಟಪಡುತ್ತಿದ್ದ ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಅಮೆರಿಕದಲ್ಲಿ ನಾಲ್ಕು ವರ್ಷ ಗಮನಿಸಿದ ಅಧ್ಯಯನವೊಂದು 1999ರಲ್ಲಿ ಬಂತು. ಕ್ಯಾನ್ಸರ್ ಮಾತ್ರ ಅಲ್ಲ, ಬೇರೆ ಬೇರೆ ಕಾಯಿಲೆಯವರ ಮನೆಗಳು ಅವು. ನೋಡಿಕೊಳ್ಳುವ ಕೆಲಸದಿಂದ ಬಳಲಿದವರಲ್ಲಿ ಸಾವಿನ ಅಪಾಯ, ಅಂಥ ಹೊಣೆ ಇಲ್ಲದವರಿಗಿಂತ 63 ಶೇಕಡಾ ಹೆಚ್ಚಿತ್ತು. ಇನ್ನೊಂದು ಅಧ್ಯಯನ 2015ರದು. ಮುಂದುವರಿದ ಕ್ಯಾನ್ಸರ್ ಇದ್ದವರ ಮನೆಯ 122 ಜನರಿಗೆ ನರ್ಸ್‌ಗಳು ವಾರಕ್ಕೊಮ್ಮೆ ಫೋನ್ ಮಾಡಿ ಮಾತಾಡಿದರು, ಸಮಸ್ಯೆಗೆ ದಾರಿ ಹುಡುಕೋಕೆ ಕಲಿಸಿದರು. ಮೂರು ತಿಂಗಳು ತಡವಾಗಿ ಈ ನೆರವು ಶುರುವಾಗಬೇಕಿದ್ದವರಿಗಿಂತ ಮೊದಲೇ ಪಡೆದವರಲ್ಲಿ ಖಿನ್ನತೆ ಕಡಿಮೆ ಇತ್ತು. ಇನ್ನೂ ತಡೆದುಕೊಳ್ಳಬಲ್ಲೆ ಅನ್ನಿಸುವಾಗಲೇ ಸಹಾಯ ಕೇಳಿ.

ಏನು ಬರೆಯೋದು? ಬ್ರಿಟನ್ನಿನ ಗೇಲ್ ಈವಿಂಗ್ ಮತ್ತು ಗುನ್ ಗ್ರಾಂಡೆ ನೋಡಿಕೊಳ್ಳುವವರಿಗೆಂದೇ ಒಂದು ಪ್ರಶ್ನಾವಳಿ ಮಾಡಿದ್ದಾರೆ. ಅದರ ಕ್ರಮ ನನಗೆ ಬಹಳ ಇಷ್ಟ. ರೋಗಿಯನ್ನು ನೋಡಿಕೊಳ್ಳೋಕೆ ನಿಮಗೇನು ಬೇಕು ಅನ್ನೋದು ಒಂದು ಕಡೆ, ನಿಮಗಾಗಿ ನಿಮಗೇನು ಬೇಕು ಅನ್ನೋದು ಇನ್ನೊಂದು ಕಡೆ. ಔಷಧಿ ಕೊಡೋಕೆ ಇನ್ನೂ ಚೆನ್ನಾಗಿ ತಿಳಿಯಬೇಕಾ? ಮುಂದೆ ಏನಾಗಬಹುದು ಅಂತ ಯಾರಾದರೂ ಹೇಳಬೇಕಾ? ಹಗಲು ನಿಮಗೆ ಸ್ವಲ್ಪ ಹೊತ್ತು ಸಿಗುತ್ತಿದೆಯಾ? ಒಂದು ರಾತ್ರಿ ಬೇರೆಯವರು ಎಚ್ಚರ ಇರಬೇಕಾ? ದುಡ್ಡಿನ ಕೆಲಸ, ಕಚೇರಿಯ ರಜೆ? ನಿಮ್ಮ ಮನಸ್ಸಿನ ಭಾರ? ವಾರಕ್ಕೊಮ್ಮೆ ಇವನ್ನು ಕೇಳಿಕೊಂಡು, ಉತ್ತರ 'ಬೇಕು' ಅಂತಿದ್ದರೆ ಹಾಗೇ ಬರೆಯಿರಿ. ನಿಮ್ಮ ನಿದ್ದೆಗೂ ಸಿಟ್ಟಿಗೂ ಅಂಕ ಕೊಡಿ.

ಒಂದು ಮಧ್ಯಾಹ್ನ ಅಮ್ಮ ಕನ್ನಡಕ ಹಾಕಿಕೊಂಡು ನನ್ನ ಪುಟ ಓದುತ್ತಿದ್ದರು. "ನಿದ್ದೆಗೆ 8 ಅಂತ ಬರ್ದಿದೀಯಲ್ಲ, ನನ್ನ ಹತ್ರ ಚೆನ್ನಾಗಿ ಮಲಗಿದೆ ಅಂತೀಯ" ಅಂದರು. "ನೀನು ಡಾಕ್ಟ್ರ ಹತ್ರ ಪರವಾಗಿಲ್ಲ ಅಂತೀಯಲ್ಲಮ್ಮ" ಅಂದೆ. ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆಮೇಲೆ ಭಯದ ಬಗ್ಗೆ, ಮುಂದಿನ ದಿನಗಳ ಬಗ್ಗೆ, ಏನು ಬೇಕು ಏನು ಬೇಡ ಅನ್ನೋದರ ಬಗ್ಗೆ ಕತ್ತಲಾಗುವವರೆಗೂ ಮಾತಾಡಿದೆವು. ಕಾಯಿಲೆ ಶುರುವಾಗಿ ಏಳು ತಿಂಗಳಾದ ಮೇಲೆ ಅದು ಮೊದಲ ಸಲ.

"ಏನಾದ್ರೂ ಬೇಕಿದ್ರೆ ಹೇಳಿ" ಅನ್ನುವವರಿಗೆ

ಅವರು ಮನಸ್ಸಿನಿಂದಲೇ ಹೇಳುತ್ತಾರೆ. ಏನು ಮಾಡಬೇಕು ಅಂತ ಮಾತ್ರ ಅವರಿಗೆ ಗೊತ್ತಿರೋದಿಲ್ಲ. ಆದ್ದರಿಂದ ಹಿಂದಿನ ಭಾಗದಲ್ಲಿ ಬೇರೆಯವರು ಮಾಡಬಹುದಾದ ಕೆಲಸಗಳನ್ನು ಪಟ್ಟಿ ಮಾಡಿ. ಗುರುವಾರ ರಿಪೋರ್ಟ್ ತರಬೇಕು. ಶನಿವಾರ ಮೂರು ಗಂಟೆ ಜೊತೆಗೆ ಕೂತಿರಬೇಕು. ಬಟ್ಟೆ ಇಸ್ತ್ರಿ ಮಾಡಿಸಬೇಕು. ಕೀಮೋ ದಿನ ಕರೆದುಕೊಂಡು ಹೋಗಿ ಬರಬೇಕು. ಯಾರಾದರೂ ಕೇಳಿದ ಕೂಡಲೇ ಪಟ್ಟಿ ತೆಗೆದು, "ಶನಿವಾರ ನಾಲ್ಕರಿಂದ ಏಳು ಬರ್ತೀರಾ?" ಅಂತ ದಿನ, ಹೊತ್ತು ಹೇಳಿ ಕೇಳಿ. ನಾಚಿಕೊಳ್ಳಬೇಡಿ. ಒಪ್ಪಿದವರ ಹೆಸರನ್ನು ಆ ಕೆಲಸದ ಪಕ್ಕದಲ್ಲೇ ಬರೆದುಕೊಳ್ಳಿ.

ಅವರು ಬಂದ ಆ ಮೂರು ಗಂಟೆಯಲ್ಲಿ ಪಾತ್ರೆ ತೊಳೆಯೋಕೆ ಕೂರಬೇಡಿ. ಮಲಗಿ, ಇಲ್ಲವೇ ತಿಂಗಳುಗಟ್ಟಲೆ ಮುಂದೂಡಿದ ನಿಮ್ಮ ಬಿಪಿ, ಶುಗರ್, ಹಲ್ಲುನೋವನ್ನು ತೋರಿಸಿಕೊಂಡು ಬನ್ನಿ. ರೋಗಿಯ ಮುಂದಿನ ಫಾಲೋಅಪ್ ತಾರೀಖು ಬರೆದಿದ್ದೀರಲ್ಲ, ಅದರ ಕೆಳಗಿನ ಸಾಲಿನಲ್ಲೇ ನಿಮ್ಮ ಅಪಾಯಿಂಟ್‌ಮೆಂಟ್ ತಾರೀಖನ್ನೂ ಬರೆಯಿರಿ.