ರೂಬಾರ್ಬ್ ಎಲೆಯಲ್ಲಿ ಪತ್ರೊಡೆ ಮಾಡಬೇಡಿ

ಇಂಗ್ಲೆಂಡಿನ ಲೀಡ್ಸ್ ಹತ್ತಿರ ನನ್ನ ಅಲಾಟ್‌ಮೆಂಟಿನ ಪಕ್ಕದ ಜಾಗ ಕಳೆದ ವರ್ಷ ಒಂದು ಕನ್ನಡದ ಜೋಡಿಗೆ ಸಿಕ್ಕಿತು. ಅಲಾಟ್‌ಮೆಂಟ್ ಅಂದರೆ ತರಕಾರಿ ಬೆಳೆಯಲು ಇಲ್ಲಿನ ನಗರಸಭೆ, ಅಂದರೆ ಕೌನ್ಸಿಲ್, ಬಾಡಿಗೆಗೆ ಕೊಡುವ ತುಂಡು ಜಾಗ. ಅದರ ಪಟ್ಟಿಯಲ್ಲಿ ಎಷ್ಟೋ ಕಾಲ ಕಾದು ಪಡೆದ ಅರ್ಧ ಪ್ಲಾಟು ಇವರದು. ಹಿಂದಿನವರು ಬಿಟ್ಟುಹೋದ ದೊಡ್ಡ ರೂಬಾರ್ಬ್ ಬುಡ ಅದರಲ್ಲೇ ಇತ್ತು. ರೂಬಾರ್ಬ್ ಅಂದರೆ ಹುಳಿ ದಂಟಿಗಾಗಿ ಬೆಳೆಸುವ ದೊಡ್ಡ ಎಲೆಯ ಗಿಡ. ಮೇ ತಿಂಗಳ ಒಂದು ಭಾನುವಾರ ಆ ಹುಡುಗಿ ಕೈತುಂಬ ಎಲೆ ಹಿಡಿದು ಬಂದಳು. "ಆಂಟಿ, ಥೇಟ್ ಕೆಸುವಿನ ಎಲೆ ಇದ್ದ ಹಾಗಿದೆ. ಪತ್ರೊಡೆ ಮಾಡಬಹುದಲ್ವಾ?"

ನನ್ನ ಎದೆ ಧಸಕ್ಕೆಂದಿತು. ಕೆಸು ನಾಲಿಗೆ ತುರಿಸುತ್ತದೆ, ಸರಿ. ಅದು ಹುಣಸೆಹುಳಿಗೆ ಬಗ್ಗುತ್ತದೆ. ರೂಬಾರ್ಬ್ ಎಲೆ ಹಾಗಲ್ಲ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ಹುಳಿ ಹಾಕಿದರೂ ಹೋಗಲ್ಲ, ಬೇಯಿಸಿದರೂ ಹೋಗಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಇಲ್ಲಿ ತರಕಾರಿ ಸಾಲದೆ ಎಲೆಯನ್ನೂ ತಿನ್ನಿ ಎಂದು ಜನರಿಗೆ ಹೇಳಿದ್ದರು. ತಿಂದವರು ಸತ್ತದ್ದೂ ಉಂಟು. ದಂಟು ಮಾತ್ರ ತಿನ್ನಬೇಕು. ಎಲೆ ಕತ್ತರಿಸಿ ಕಾಂಪೋಸ್ಟ್ ಗುಂಡಿಗೆ ಹಾಕಿ, ಅಲ್ಲಿ ಅದರಿಂದ ಏನೂ ಆಗಲ್ಲ.

ಅವತ್ತೇ ಅವರ ಪ್ಲಾಟಿನೊಳಗೆ ಹೋಗಿ ನೋಡಿದೆ. ಗಂಡ ಮಹಾಶಯ ದಂಟನ್ನು ಚೂರಿಯಲ್ಲಿ ಕೊಯ್ಯುತ್ತಿದ್ದ. ರೂಬಾರ್ಬನ್ನು ಯಾರಾದರೂ ಕೊಯ್ಯುತ್ತಾರಾ? ಉಳಿದ ಮೋಟು ಕೊಳೆಯುತ್ತದೆ, ಆ ಕೊಳೆ ಬುಡಕ್ಕೆ ಇಳಿಯುತ್ತದೆ. ದಂಟಿನ ಬುಡದಲ್ಲಿ ಹೆಬ್ಬೆರಳು ಇಡಿ, ಸ್ವಲ್ಪ ತಿರುಚಿ, ಎಳೆಯಿರಿ. ಟಪ್ ಅಂತ ಬರುತ್ತದೆ. ಒಂದು ಸಲಕ್ಕೆ ಅರ್ಧ ತೆಗೆದರೆ ಸಾಕು, ಗಿಡಕ್ಕೂ ಉಣ್ಣಲು ಎಲೆ ಬೇಕಲ್ಲ. ಜುಲೈ ಬಂದ ಮೇಲೆ ಕೈ ಹಾಕಬೇಡಿ. ಹೂವಿನ ಕಾಂಡ ಕಂಡ ಕೂಡಲೇ ಬುಡದಿಂದ ಕಿತ್ತುಹಾಕಿ, ಚೆಂದ ಇದೆ ಅಂತ ಫೋಟೋ ತೆಗೆಯುತ್ತಾ ನಿಲ್ಲಬೇಡಿ. ಹೊಸದಾಗಿ ನೆಟ್ಟ ಗಡ್ಡೆಯಿಂದ ಮೊದಲ ವರ್ಷ ಒಂದು ದಂಟನ್ನೂ ಕೀಳಬಾರದು. ಚಳಿಗಾಲದಲ್ಲಿ ಕುದುರೆ ಗೊಬ್ಬರ ಧಾರಾಳವಾಗಿ ಕೊಡಿ, ಆದರೆ ಸುತ್ತಲೂ ಹಾಕಿ, ಮೊಗ್ಗಿನ ತಲೆಯ ಮೇಲೆ ಸುರಿಯಬೇಡಿ. ಐದಾರು ವರ್ಷಕ್ಕೊಮ್ಮೆ ಗಡ್ಡೆ ಅಗೆದು ಸಲಿಕೆಯಲ್ಲಿ ಸೀಳಿ, ಪ್ರತಿ ಹೋಳಿಗೂ ಒಂದು ಮೊಗ್ಗು ಇರುವ ಹಾಗೆ ನೋಡಿಕೊಂಡು ಮತ್ತೆ ನೆಡಬೇಕು. ಇಷ್ಟೇ ಕೆಲಸ. ಇಷ್ಟು ಸುಲಭದ ಗಿಡವನ್ನೂ ಹೇಗೆ ಕೆಡಿಸುತ್ತೀರೋ ನನಗೆ ಅರ್ಥ ಆಗಲ್ಲ.

ಬೆಂಗಳೂರಿನ ನನ್ನ ತಮ್ಮನ ಮಗಳು ಒಂದು ಗಡ್ಡೆ ಕಳಿಸಿ ಅತ್ತೆ ಅನ್ನುತ್ತಲೇ ಇರುತ್ತಾಳೆ. ಕಳಿಸಿ ಏನು ಮಾಡುವುದು? ಇದಕ್ಕೆ ಚಳಿ ಬೇಕು. ಚಳಿಯಲ್ಲಿ ಮಲಗಿ ಎದ್ದರೇ ಅದು ಸರಿಯಾಗಿ ಚಿಗುರುವುದು. ನಾವಿರುವ ಈ ಕಡೆ, ವೇಕ್‌ಫೀಲ್ಡ್, ಮಾರ್ಲಿ, ರಾತ್‌ವೆಲ್ ನಡುವಿನ ಊರುಗಳನ್ನು ರೂಬಾರ್ಬ್ ತ್ರಿಕೋನ ಅಂತಲೇ ಕರೆಯುತ್ತಾರೆ. ಎರಡು ವರ್ಷ ಹೊಲದಲ್ಲಿ ಬೆಳೆದ ಗಡ್ಡೆಗೆ ಹಿಮ ಬಡಿಸಿ, ಆಮೇಲೆ ಅಗೆದು, ದಂಟು ಎಳೆಯದಾಗಿ ಬರಲಿ ಅಂತ ಕತ್ತಲೆ ಶೆಡ್ಡಿನೊಳಗೆ ಇಡುತ್ತಾರೆ. ನಾವು ಬಂದ ಹೊಸತರಲ್ಲಿ ಒಂದು ಫೆಬ್ರವರಿ ನಮ್ಮವರು ನನ್ನನ್ನು ಅಂಥ ಶೆಡ್ಡಿಗೆ ಕರೆದುಕೊಂಡು ಹೋಗಿದ್ದರು. ಮೇಣದ ಬತ್ತಿಯ ಬೆಳಕಲ್ಲಿ ದಂಟು ಕೀಳುತ್ತಿದ್ದರು. ಮಾತು ನಿಲ್ಲಿಸಿದರೆ ಮೊಗ್ಗು ಬಿರಿಯುವ ಸದ್ದು ಚಿಟ್ ಚಿಟ್ ಅಂತ ಕಿವಿಗೇ ಕೇಳುತ್ತಿತ್ತು. 2010ರಲ್ಲಿ ಹೀಗೆ ಕತ್ತಲಲ್ಲಿ ಬೆಳೆಸುವ ಇಲ್ಲಿನ ರೂಬಾರ್ಬಿಗೆ ಯುರೋಪಿನ ಭೌಗೋಳಿಕ ರಕ್ಷಣೆಯೂ ಸಿಕ್ಕಿತು, ನಮ್ಮ ನಂಜನಗೂಡು ರಸಬಾಳೆಗೆ ಊರಿನ ಹೆಸರಿನ ಹಕ್ಕು ಸಿಕ್ಕ ಹಾಗೆ. ನಮ್ಮ ತೋಟದಲ್ಲೇ ಜನವರಿಯಲ್ಲಿ ಬುಡದ ಮೇಲೆ ದೊಡ್ಡ ಬಕೆಟ್ ಬೋರಲು ಹಾಕಿದರೂ ತಿಳಿ ಗುಲಾಬಿ ಎಳೆ ದಂಟು ಬರುತ್ತದೆ. ಆದರೆ ಹಾಗೆ ಬಕೆಟ್ ಹಾಕಿದ ಬುಡಕ್ಕೆ ಮುಂದಿನ ಎರಡು ವರ್ಷ ಆ ಕಾಟ ಕೊಡಬೇಡಿ.

ಇನ್ನು ಆಸ್ಪರಾಗಸ್, ಮಣ್ಣಿನಿಂದ ಬೆರಳಿನ ಹಾಗೆ ಏಳುವ ಎಳೆ ಚಿಗುರನ್ನು ತಿನ್ನುವ ತರಕಾರಿ. ಇಲ್ಲಿ ನಿಮ್ಮ ಆತುರ ನಡೆಯಲ್ಲ. ನೆಟ್ಟ ವರ್ಷ ಕೊಯ್ಯುವಂತಿಲ್ಲ, ಎರಡನೇ ವರ್ಷವೂ ಇಲ್ಲ. ಮೂರನೇ ವರ್ಷ ಸ್ವಲ್ಪ. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಅದೇ ಪಾತಿ ಕೊಡುತ್ತದೆ. ಅದಕ್ಕೇ ನೆಡುವ ದಿನ ಒಂದು ಬೆಳಗ್ಗೆಯನ್ನು ಪೂರ್ತಿ ಇದಕ್ಕೇ ಇಟ್ಟುಕೊಳ್ಳಿ. ಗುಂಡಿ ತೋಡಿ, ಗಡ್ಡೆ ತುರುಕಿ, ಮಣ್ಣು ಮುಚ್ಚಿ ಟೀ ಕುಡಿಯಲು ಓಡುವ ಕೆಲಸ ಇದಲ್ಲ. ನಾನು ಹೇಳುವ ಹಾಗೆ ಮಾಡಿ.

ಮಾರ್ಚ್ ಕೊನೆಗೋ ಏಪ್ರಿಲ್ಲಿಗೋ ಗಡ್ಡೆ ತನ್ನಿ. ನೋಡಲು ಒದ್ದೆ ತಲೆಗೂದಲ ಗಂಟಿನ ಹಾಗಿರುತ್ತದೆ, ನಡುವೆ ಪುಟ್ಟ ಮೊಗ್ಗುಗಳು. ತಂದ ಕೂಡಲೇ ಉಗುರುಬೆಚ್ಚಗಿನ ನೀರಲ್ಲಿ ನೆನೆಹಾಕಿ, ಕಾಲುವೆ ತೋಡಿ ಮುಗಿಸುವ ತನಕ ನೆನೆಯಲಿ. ಕಾಲುವೆ ಒಂದು ಗೇಣು ಆಳ, ಅಗಲ ಅದಕ್ಕಿಂತ ಸ್ವಲ್ಪ ಜಾಸ್ತಿ. ತಳಕ್ಕೆ ಹಳೇ ಗೊಬ್ಬರ. ನೀರು ನಿಲ್ಲುವ ಮಣ್ಣಾದರೆ ಮರಳೂ ಬೇಕು. ಈಗ ಕಾಲುವೆಯ ನಡುವೆ ಉದ್ದಕ್ಕೂ ನಾಲ್ಕು ಬೆರಳೆತ್ತರದ ಮಣ್ಣಿನ ದಿಬ್ಬ ಕಟ್ಟಿ. ಅಂಗೈಯಲ್ಲಿ ತಟ್ಟಿ ತಟ್ಟಿ ನೆತ್ತಿ ದುಂಡಗೆ ಮಾಡಿ. ಗಡ್ಡೆಯನ್ನು ಅದರ ಮೇಲೆ ಕೂರಿಸಿ, ಮೊಗ್ಗು ಮೇಲೆ. ಆಮೇಲೆ ಬೇರನ್ನು ಬೈತಲೆ ತೆಗೆದ ಹಾಗೆ ಅರ್ಧ ಈ ಕಡೆ, ಅರ್ಧ ಆ ಕಡೆ ಇಳಿಬಿಡಬೇಕು. ಒಂದೊಂದೇ ಎಳೆ ಬಿಡಿಸಿ. ಒಂದರ ಮೇಲೊಂದು ಹೊರಳಿರಬಾರದು, ತುದಿ ಮೇಲಕ್ಕೆ ಮಡಚಿರಬಾರದು. ಚಿಕ್ಕಂದಿನಲ್ಲಿ ಅಮ್ಮ ನನಗೆ ಬೈತಲೆ ತೆಗೆಯುವಾಗ ಸ್ವಲ್ಪ ಅಲುಗಾಡಿದರೂ ಬಾಚಣಿಗೆಯಲ್ಲೇ ತಲೆಗೆ ಒಂದು ಕೊಡುತ್ತಿದ್ದಳು. ಈ ಕೆಲಸಕ್ಕೆ ಕೂತಾಗಲೆಲ್ಲ ಆ ಪೆಟ್ಟು ನೆನಪಾಗುತ್ತದೆ. ಒಂದು ಗಡ್ಡೆಗೂ ಇನ್ನೊಂದಕ್ಕೂ ಮೊಳಕ್ಕೆ ಸ್ವಲ್ಪ ಕಡಿಮೆ ದೂರ ಇರಲಿ. ಉಳಿದ ಗಡ್ಡೆಗಳು ನಿಮ್ಮ ಸರದಿ ಬರುವ ತನಕ ಒದ್ದೆ ಟವೆಲ್ಲಿನಲ್ಲಿ ಸುತ್ತಿರಲಿ, ಗಾಳಿಗೆ ಬೇರು ಒಣಗಿತೋ ಸತ್ತಂತೆ. ಎಲ್ಲ ಕೂರಿಸಿದ ಮೇಲೆ ಕೈಯಿಂದಲೇ ಉದುರು ಮಣ್ಣು ಹಾಕಿ, ಮೊಗ್ಗಿನ ಮೇಲೆ ಮೂರು ಬೆರಳಷ್ಟು. ಸಲಿಕೆ ಮುಟ್ಟಬೇಡಿ, ಬೂಟಲ್ಲಿ ತುಳಿಯಬೇಡಿ. ಚಿಗುರು ಏರಿದ ಹಾಗೆ ಬೇಸಿಗೆಯಿಡೀ ಸ್ವಲ್ಪ ಸ್ವಲ್ಪವೇ ಮಣ್ಣು ತುಂಬುತ್ತಾ ಬನ್ನಿ.

ಕಳೆಯನ್ನೂ ಕೈಯಲ್ಲೇ ಕೀಳಬೇಕು. ಗುದ್ದಲಿ ಆಡಿಸಿದರೆ ಮಣ್ಣೊಳಗಿನ ಮೊಗ್ಗು ತುಂಡಾಗುತ್ತದೆ. ಕೊಯ್ಲು ಏಪ್ರಿಲ್ ಕೊನೆಯಿಂದ ಜೂನ್ ನಡುವಿನ ತನಕ. ಇದಕ್ಕೆ ಮಾತ್ರ ಚೂರಿ ಬೇಕು, ಒಂದು ಗೇಣಿನ ಚಿಗುರನ್ನು ಮಣ್ಣಿನ ಸ್ವಲ್ಪ ಕೆಳಗೆ ಕೊಯ್ಯಿರಿ. ಜೂನ್ 21, ಅಂದರೆ ಹಗಲು ಅತಿ ಉದ್ದದ ದಿನ, ಅದು ದಾಟಿದ ಮೇಲೆ ಒಂದನ್ನೂ ಮುಟ್ಟಬೇಡಿ. ಉಳಿದ ಚಿಗುರು ಎದೆಯುದ್ದ ಬೆಳೆದು ಜರಿ ಗಿಡದ ಹಾಗೆ ಹರಡುತ್ತದೆ. ಊರಲ್ಲಿ ನಮ್ಮ ಬೇಲಿ ಮೇಲೆ ಹಬ್ಬುತ್ತಿದ್ದ ಶತಾವರಿ ನೆನಪಿದೆಯಾ? ಇದು ಅದರ ಕುಲದ್ದೇ. ಅಲ್ಲಿ ಬಾಣಂತಿಯರಿಗೆ ಅಂತ ಬೇರು ಅಗೆಯುತ್ತಿದ್ದೆವು, ಇಲ್ಲಿ ಚಿಗುರು ತಿನ್ನುತ್ತೇವೆ, ಅಷ್ಟೇ ವ್ಯತ್ಯಾಸ. ಆ ಹಸಿರು ಮಾಡುವ ಅಡುಗೆಯನ್ನೇ ಬೇರು ಮುಂದಿನ ವರ್ಷಕ್ಕೆ ಕೂಡಿಡುವುದು. ಕಸ ಅಂತ ಆಗಸ್ಟಿನಲ್ಲೇ ಕತ್ತರಿಸಿ ಪ್ಲಾಟು ಚೊಕ್ಕ ಮಾಡುವವರನ್ನು ನೋಡಿದ್ದೇನೆ. ಪೂರ್ತಿ ಹಳದಿಯಾದ ಮೇಲೆ ಕತ್ತರಿಸಿ. ಕೆಂಪು-ಕಪ್ಪು ಮೈಯ, ಬಿಳಿ ಚುಕ್ಕೆಯ ದುಂಬಿ ಕಂಡರೆ ಹೆಕ್ಕಿ ಸೋಪಿನ ನೀರಿಗೆ ಹಾಕಿ.

ದಂಟು ಮನೆಗೆ ತಂದವರಿಗೆ ಇನ್ನೊಂದು ಮಾತು. ರೂಬಾರ್ಬ್ ಗೊಜ್ಜನ್ನು ಅಲ್ಯೂಮಿನಿಯಂ ಪಾತ್ರೆಯಲ್ಲೋ ಕಲಾಯಿ ಇಲ್ಲದ ಹಿತ್ತಾಳೆಯಲ್ಲೋ ಮಾಡಬೇಡಿ, ಹುಳಿ ಲೋಹವನ್ನು ತಿನ್ನುತ್ತದೆ. ಸ್ಟೀಲು ಸಾಕು. ತಳ ಹತ್ತಿದ ಸ್ಟೀಲ್ ಪಾತ್ರೆ ಇದ್ದರೆ ನಾರು ನಾರಾದ ಬಲಿತ ದಂಟು ಎರಡು ಹಾಕಿ ನೀರು ಕುದಿಸಿ, ಒಂದಷ್ಟು ಹೊತ್ತು ಬಿಟ್ಟು ತಿಕ್ಕಿ. ಹುಣಸೆಹಣ್ಣಿಗೆ ಇಲ್ಲಿ ಕೊಡುವ ದುಡ್ಡು ಉಳಿಯುತ್ತದೆ. ಆ ನೀರು ಚೆಲ್ಲಿಬಿಡಿ, ಪಾತ್ರೆ ಚೆನ್ನಾಗಿ ತೊಳೆಯಿರಿ. ಗೊಜ್ಜಿಗೆ ಬೆಲ್ಲ ಕೈತುಂಬ ಬೇಕು, ಮೆಂತ್ಯ ಸ್ವಲ್ಪ, ಮೆಣಸಿನಕಾಯಿ ನಿಮ್ಮ ಧೈರ್ಯ.

ಪಕ್ಕದ ಪ್ಲಾಟಿನಲ್ಲಿ ಹಳೇ ಆಸ್ಪರಾಗಸ್ ಪಾತಿಯೂ ಒಂದಿದೆ. ಈ ವರ್ಷ ಜೂನ್ ಕೊನೆಯಲ್ಲಿ ಆ ಹುಡುಗ ಅದರ ಮುಂದೆ ಚೂರಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. "ಒಂದೇ ಒಂದು ಸಲ ಆಂಟಿ, ಪಲ್ಯಕ್ಕೆ" ಅಂದ. ಚೂರಿ ಈಗ ನನ್ನ ಶೆಡ್ಡಿನಲ್ಲಿದೆ, ಏಪ್ರಿಲ್ಲಿಗೆ ಬಂದು ಇಸಕೊಳ್ಳಲಿ.