ಕಕ್ಕಡದ ಮಳೆಯಲ್ಲಿ ತೋಟಾ ಉಳಿಸಿಕೊಂಡದ್ದು

ಕೊಡಗಿನ ಆಯುಧಪೂಜೆಯ ಹಬ್ಬವಾದ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್‌ನಂದು ತೆಂಗಿನಕಾಯಿಗೆ ಗುರಿಯಿಟ್ಟು ಕೋವಿಯ ಕುದುರೆ ಎಳೆದಾಗ ‘ಟಿಕ್’ ಎಂದಷ್ಟೇ ಸದ್ದಾದರೆ ಆಗುವ ಅವಮಾನವನ್ನು ಕೋವಿ ಇರುವ ಮನೆಯವರಿಗೆ ವಿವರಿಸಬೇಕಾಗಿಲ್ಲ. ಐದಾರು ವರ್ಷಗಳ ಹಿಂದೆ ಕೋವಿಗೆ ತುಂಬುವ ನನ್ನ ಐದು ತೋಟಾಗಳಲ್ಲಿ ಮೂರು ಹೀಗೆ ಕೈಕೊಟ್ಟವು. ತಡವಾಗಿ ಸಿಡಿಯುವುದೂ ಉಂಟಾದ್ದರಿಂದ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕಾಯುತ್ತಿದ್ದಾಗ, ಹಿಂದಿನಿಂದ ಚಿಕ್ಕಪ್ಪ ‘ಮುಂದಿನ ವರ್ಷ ಕವಣೆ ತಾ, ಮಗ’ ಎಂದರು.

ನಮ್ಮ ಮನೆ ಭಾಗಮಂಡಲದ ಕಡೆ. ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜಡಿಮಳೆಯ ತಿಂಗಳಲ್ಲಿ, ಗೋಡೆಯೇ ಬೆವರುತ್ತದೆ. ಹಿರಿಯರು ತೋಟಾಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದರು. ಅಲ್ಲಿ ತೇವವಿಲ್ಲವೆಂಬುದು ನಿಜ, ಆದರೆ ಬಿಸಿಗೆ ತೋಟಾದೊಳಗಿನ ಸಿಡಿಮದ್ದು ಕೆಡುತ್ತದೆ, ಮನೆಯೊಳಗೆ ಬೆಂಕಿಯ ಮೇಲೆ ಮದ್ದಿಡುವ ಧೈರ್ಯವೂ ನನಗಿಲ್ಲ. ತೊಗಲಿನ ಪಟ್ಟಿಯಲ್ಲಿ ಸಿಕ್ಕಿಸಿಟ್ಟೆ. ತೊಗಲು ಹದಮಾಡಿದ ರಾಸಾಯನಿಕಕ್ಕೆ ಹಿತ್ತಾಳೆಯ ತಳವೆಲ್ಲ ಹಸಿರು ಕಿಲುಬು ಹಿಡಿಯಿತು. ಹುರಿದ ಅಕ್ಕಿಯ ಡಬ್ಬಿಯಲ್ಲಿಟ್ಟೆ. ಹದಿನೈದು ದಿನಕ್ಕೆ ಅಕ್ಕಿಯೇ ಮೆತ್ತಗಾಯಿತು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದ್ದು ನಾನು ಮಾಡಿದ ದೊಡ್ಡ ದಡ್ಡತನ, ಏಕೆಂದರೆ ಆ ತೆಳುವಾದ ಎಣ್ಣೆ ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ಕ್ಯಾಪಿನ ಸಂದಿನಿಂದ ಒಳಗಿಳಿದು ಚೆನ್ನಾಗಿದ್ದ ತೋಟಾಗಳನ್ನೂ ಕೊಂದಿತು. ಹಳೆಯ ಕಾಗದದ ತೋಟಾಗಳು ಊದಿಕೊಂಡು ನಳಿಗೆಗೇ ಇಳಿಯಲಿಲ್ಲ. ಎರಡು ಮಳೆಗಾಲಗಳಲ್ಲಿ ಹಾಳಾದವು ಮೂವತ್ತರಷ್ಟು. ಆಗಿನ ಬೆಲೆಯಲ್ಲಿ ಎರಡು ಸಾವಿರಕ್ಕೆ ಕಡಿಮೆಯಿಲ್ಲ.

ಕೊನೆಗೆ ಫಲಿಸಿದ್ದು ಡಬ್ಬಿಗಿಂತ ಹೆಚ್ಚಾಗಿ ಡಬ್ಬಿ ಮುಚ್ಚುವ ಕಾಲ. ಜೂನ್‌ನಲ್ಲಿ ಮುಚ್ಚಿದರೆ ಮಳೆಗಾಲದ ಗಾಳಿಯನ್ನೇ ಒಳಗೆ ಕೂಡಿಹಾಕಿದಂತೆ. ನಾನು ಮಾರ್ಚ್‌ನ ಒಣ ಬಿಸಿಲಿನ ದಿನ, ಕಾಫಿ ಕಣ ಖಾಲಿಯಾದ ಮೇಲೆ, ಮಧ್ಯಾಹ್ನದ ಹೊತ್ತು ಮುಚ್ಚುತ್ತೇನೆ. ರಬ್ಬರ್ ಅಂಚಿನ ಡಬ್ಬಿಯೊಳಗೆ ಒಣ ಕಾಗದ ಹಾಕಿ, ಇಡೀ ರಾತ್ರಿ ನೀರಿನ ಬಕೆಟ್‌ನಲ್ಲಿ ಮುಳುಗಿಸಿಟ್ಟು, ಕಾಗದ ಒದ್ದೆಯಾಗದಿದ್ದರೆ ಮಾತ್ರ ಆ ಡಬ್ಬಿಯನ್ನು ಒಪ್ಪುತ್ತೇನೆ. ನಾಲ್ಕರಲ್ಲಿ ಎರಡು ಸೋತವು. ಒಳಗೆ ಎರಡು ಹಿಡಿ, ತೇವ ಹೀರುವ ನೀಲಿ ಸಿಲಿಕಾ ಹರಳುಗಳನ್ನು ಬಟ್ಟೆಯ ಪೊಟ್ಟಣ ಕಟ್ಟಿ ಇಡುತ್ತೇನೆ. ಅವು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬೇರೆ ಕೋಣೆಯಲ್ಲಿ, ತೋಟಾಗಳಿಂದ ದೂರದಲ್ಲಿ, ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮತ್ತೆ ನೀಲಿಯಾಗುವವರೆಗೆ ಬಿಸಿಮಾಡಿದರಾಯಿತು. ಆ ಬಾಣಲೆ ಮತ್ತೆ ಅಡುಗೆಗೆ ಬರಬಾರದು. ಹತ್ತು ಹತ್ತು ತೋಟಾಗಳ ಬೇರೆ ಬೇರೆ ಡಬ್ಬಿಗಳಿದ್ದರೆ, ಒಂದು ಬೇಕೆಂದಾಗ ಎಲ್ಲವನ್ನೂ ತೆರೆಯಬೇಕಾಗುವುದಿಲ್ಲ. ತಣ್ಣನೆಯ ಕೋಣೆಯಿಂದ ತಂದ ಡಬ್ಬಿಯನ್ನು ಒಂದೆರಡು ಗಂಟೆ ಹಾಗೆಯೇ ಬಿಟ್ಟು ತೆರೆಯಬೇಕು, ಇಲ್ಲವಾದರೆ ಹಿತ್ತಾಳೆಯ ಮೇಲೆ ಇಬ್ಬನಿ ಕೂರುತ್ತದೆ. ಕ್ಯಾಪಿನ ಸುತ್ತ ಹಚ್ಚುವ ಜೇನುಮೇಣಕ್ಕೆ ನಾನು ಇನ್ನೊಂದು ವಸ್ತುವನ್ನು ಬೆರೆಸುತ್ತೇನೆ. ಅದನ್ನು ಮನೆಗೆ ಬಂದವರಿಗೆ ಮಾತ್ರ ಹೇಳುವುದು.

ಮುನ್ನೂರು ರೂಪಾಯಿಯ ತೇವಮಾಪಕವೊಂದನ್ನು ಕುತೂಹಲಕ್ಕೆಂದು ಡಬ್ಬಿಯೊಳಗಿಟ್ಟು ನೋಡಿದೆ: ಜುಲೈಯಲ್ಲಿ ಹೊರಗೆ ತೇವಾಂಶ ಶೇಕಡಾ ತೊಂಬತ್ತು ದಾಟಿದ್ದಾಗ ಒಳಗೆ ನಲವತ್ತರ ಆಸುಪಾಸಿನಲ್ಲಿತ್ತು. ಸಿಲಿಕಾದ ಬದಲು ಹಣ್ಣಿನ ಸಿಪ್ಪೆ ತೆಗೆದು ಚೆನ್ನಾಗಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಹಾಕಿಯೂ ನೋಡಿದೆ. ಅದು ಐವತ್ತೈದರ ಕೆಳಗೆ ಇಳಿಸಲಿಲ್ಲ, ಕಾಫಿಗೂ ಮದ್ದಿನ ವಾಸನೆ ಹಿಡಿಯಿತು. ಎಲ್ಲ ಸೇರಿ ಖರ್ಚಾದದ್ದು ಸಾವಿರದ ಇನ್ನೂರರಷ್ಟು.

ಕಳೆದ ಕೈಲ್‌ಪೊಳ್ದ್‌ಗೆ ಹನ್ನೆರಡು ಹೊಡೆದೆ, ಹನ್ನೆರಡೂ ಸಿಡಿದವು. ಕಾಯಿ ಒಡೆದದ್ದು ಏಳೇ, ಅದು ಬೇರೆ ಮಾತು. ಚಿಕ್ಕಪ್ಪ ಏನೂ ಹೇಳಲಿಲ್ಲ, ಆದರೆ ಮರುವಾರ ತಮ್ಮ ತೋಟಾಗಳನ್ನು ಬಟ್ಟೆಯಲ್ಲಿ ಸುತ್ತಿ ನಮ್ಮ ಮನೆಗೆ ತಂದರು. ಹೊರಗೆ ಮಳೆ ಹೊಯ್ಯುತ್ತಿತ್ತು. ಮಾರ್ಚ್‌ಗೆ ತನ್ನಿ ಎಂದು ಹೇಳಿ ಕಳುಹಿಸಿದೆ.